ಕಣ್ಣು ಕುಕ್ಕಿದ ಮಾತ್ರಕ್ಕೆ ಗಿಡದ ಹೊಟ್ಟೆ ತುಂಬುವುದಿಲ್ಲ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ದೀಪದ ವ್ಯವಸ್ಥೆ ಮಾಡಿಕೊಡುವುದು ನನ್ನ ಕೆಲಸವಾದ್ದರಿಂದ, ವಾರಕ್ಕೊಮ್ಮೆಯಾದರೂ ಒಂದೇ ಬಗೆಯ ಕರೆ ಬರುತ್ತದೆ. “ಸಾರ್, ಹತ್ತು ಬೈ ಹನ್ನೆರಡರ ರೂಮು ಖಾಲಿ ಇದೆ, ಒಳಗೇ ಬೆಳೆ ತೆಗೆಯೋಣ ಅಂತಿದ್ದೇವೆ, ಎಷ್ಟು ವ್ಯಾಟ್ ಎಲ್‌ಇಡಿ ಹಾಕಿಸಬೇಕು?” ಯಾವ ಬೆಳೆ ಎಂದು ಕೇಳಿದರೆ ಅದಿನ್ನೂ ತೀರ್ಮಾನವಾಗಿರುವುದಿಲ್ಲ, ಲೈಟ್ ಮಾತ್ರ ಆಗಲೇ ಆರ್ಡರ್ ಆಗಿರುತ್ತದೆ.

ಕಾಫಿ ಕ್ಯೂರಿಂಗ್ ವರ್ಕ್ಸ್‌ನವರು ಇದೇ ಪ್ರಶ್ನೆ ಕೇಳಿದರೆ ನನಗೆ ತಲೆನೋವಿಲ್ಲ. ಅಲ್ಲಿ ಬೆಳಕು ಬೇಕಿರುವುದು ಮನುಷ್ಯರ ಕಣ್ಣಿಗೆ. 400 ವ್ಯಾಟಿನ ಹಳೆಯ ಮೆಟಲ್ ಹೇಲೈಡ್ ದೀಪ ಇಳಿಸಿ 150 ವ್ಯಾಟಿನ ಆಸುಪಾಸಿನ ಒಳ್ಳೆಯ ಎಲ್‌ಇಡಿ ಏರಿಸಿದರೆ ಉಳಿತಾಯ ಬಿಲ್ಲಿನಲ್ಲೇ ಕಾಣುತ್ತದೆ. ಹೆಂಗಸರು ಕೂತು ಕಾಳು ಆರಿಸುವ ಕಡೆ ಬಣ್ಣವನ್ನು ಸರಿಯಾಗಿ ತೋರಿಸುವ ದೀಪವಿರಲಿ, ಮಲೆನಾಡಿನ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಇರಲಿ ಎಂದಷ್ಟೇ ಹೇಳಿ ಬರುತ್ತೇನೆ.

ಗಿಡದ ವಿಷಯ ಹಾಗಲ್ಲ. ಲ್ಯೂಮೆನ್, ಲಕ್ಸ್ ಎಂಬ ಅಳತೆಗಳು ನಮ್ಮ ಕಣ್ಣಿಗಾಗಿ ಹುಟ್ಟಿದವು; ಕಣ್ಣು ಹೆಚ್ಚು ಸ್ಪಂದಿಸುವುದು 555 ನ್ಯಾನೊಮೀಟರಿನ ಹಸಿರಿಗೆ, ಆದ್ದರಿಂದ ಆ ಬಣ್ಣಕ್ಕೆ ಹೆಚ್ಚು ಅಂಕ, ಕೆಂಪು ನೀಲಿಗಳಿಗೆ ಕಡಿಮೆ. ಗಿಡಕ್ಕೆ ಬೇಕಾದದ್ದು 400ರಿಂದ 700 ನ್ಯಾನೊಮೀಟರಿನೊಳಗಿನ ಫೋಟಾನುಗಳ, ಅಂದರೆ ಬೆಳಕಿನ ಕಣಗಳ ಎಣಿಕೆ: ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ ಬಿದ್ದಿತು, ಅದನ್ನು ದಿನವಿಡೀ ಕೂಡಿದರೆ ಎಷ್ಟು ಮೋಲ್ ಆಯಿತು ಎಂಬುದು. (ಮೋಲ್ ಎಂದರೆ ಡಜನ್ನಿನ ಹಾಗೆ ಎಣಿಕೆಯ ಒಂದು ಲೆಕ್ಕ, ಬಹಳ ದೊಡ್ಡದು; ಮೈಕ್ರೊಮೋಲ್ ಅದರ ಹತ್ತು ಲಕ್ಷದಲ್ಲೊಂದು ಪಾಲು.) ಚೆನ್ನಾಗಿ ಬೆಳಗಿದ ಒಂದು ಆಫೀಸಿನ ಮೇಜಿನ ಮೇಲೆ 500 ಲಕ್ಸ್ ಇರುತ್ತದೆ, ಪತ್ರಿಕೆ ಓದಲು ಧಾರಾಳ. ಬಿಳಿ ಎಲ್‌ಇಡಿಯಾದರೆ ಅದು ಸುಮಾರು 7 ಮೈಕ್ರೊಮೋಲ್. ಹದಿನಾರು ಗಂಟೆ ಉರಿಸಿದರೂ ದಿನಕ್ಕೆ ಸುಮಾರು 0.4 ಮೋಲ್ ಅಷ್ಟೇ; ಲೆಟಿಸ್ ಸೊಪ್ಪಿಗೆ ಬೇಕಾದದ್ದು 12ರಿಂದ 17 ಮೋಲ್. ನಡುಮಧ್ಯಾಹ್ನದ ನಿಚ್ಚಳ ಬಿಸಿಲು 2000 ಮೈಕ್ರೊಮೋಲಿನ ಹತ್ತಿರ ಇರುತ್ತದೆ. ಆ ಬಿಸಿಲಿಂದ ಒಳಗೆ ಬಂದ ಕಣ್ಣಿನ ಪಾಪೆ ಅರಳಿ ಹೊಂದಿಕೊಳ್ಳುತ್ತದೆ, “ಇಲ್ಲೂ ಬೆಳಕಿದೆಯಲ್ಲ” ಎಂದು ನಮ್ಮನ್ನು ನಂಬಿಸುತ್ತದೆ. ಎಲೆಗೆ ಪಾಪೆ ಇಲ್ಲ. ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಆದರೂ ಜನ ಮೊಬೈಲಿನ ಲಕ್ಸ್ ಆ್ಯಪ್ ತೋರಿಸಿ ವಾದಿಸುತ್ತಾರೆ.

ಹಿರೇಮಗಳೂರಿನ ಕಡೆ ನಿವೃತ್ತರೊಬ್ಬರು ಕಾರ್ ಶೆಡ್ಡಿನಲ್ಲಿ ಕೇಸರಿ ಬೆಳೆಯಲು ಹೊರಟಿದ್ದರು. ಮೊದಲ ವರ್ಷ ಹೂ ಬಂತು, ಎರಡನೆಯ ವರ್ಷ ಮುಕ್ಕಾಲು ಗೆಡ್ಡೆಗಳು ಹೂ ಬಿಡಲಿಲ್ಲ. ಶೆಡ್ಡಿನ ತುಂಬ ನೇರಳೆ ಬೆಳಕು. “ಸಂಜೆಯಾದರೆ ರಸ್ತೆಯವರು ಬಾರ್ ತೆರೆದಿದ್ದಾರೇನೋ ಅಂತ ಇಣುಕುತ್ತಾರೆ” ಎಂದು ಅವರ ಹೆಂಡತಿ ಕಾಫಿ ಕೊಡುತ್ತ ಹೇಳಿದರು. ಡಬ್ಬಿಯ ಮೇಲೆ 1000 ವ್ಯಾಟ್ ಎಂದು ಅಚ್ಚಾಗಿದ್ದ ಲೈಟು ಎಳೆಯುತ್ತಿದ್ದದ್ದು 110 ವ್ಯಾಟ್. ಟ್ರೇ ಮೇಲೆ ಮೀಟರ್ ಇಟ್ಟೆ. ನಡುವೆ 38 ಮೈಕ್ರೊಮೋಲ್, ಮೂಲೆಯಲ್ಲಿ 11. “ಇಷ್ಟು ಝಗಮಗ ಅಂತಿದೆಯಲ್ಲ ಸಾರ್” ಎಂದರು ಯಜಮಾನರು.

ಮೊದಲ ವರ್ಷದ ಹೂವಿಗೆ ಅವರ ಲೈಟು ಕಾರಣವೇ ಅಲ್ಲ. ಕೇಸರಿ ಗೆಡ್ಡೆ ತಾನು ಕೂಡಿಟ್ಟುಕೊಂಡ ಆಹಾರದಿಂದಲೇ ಹೂ ಬಿಡುತ್ತದೆ. ಹೂ ಮುಗಿದ ಮೇಲೆ ಎಲೆಗಳು ತಿಂಗಳುಗಟ್ಟಲೆ ಬೆಳಕುಂಡು ಹೊಸ ಗೆಡ್ಡೆಗಳನ್ನು ಸಾಕಬೇಕು, ತಾಯಿ ಗೆಡ್ಡೆ ಸುಕ್ಕಿ ಹೋಗುತ್ತದೆ. ಆ ತಿಂಗಳುಗಳಲ್ಲಿ ಅರೆಹೊಟ್ಟೆಯಾದರೆ ಮರಿಗೆಡ್ಡೆ ನಾಲ್ಕೈದು ಗ್ರಾಮಿಗೇ ನಿಲ್ಲುತ್ತದೆ. ಸಾಮಾನ್ಯವಾಗಿ ಎಂಟು ಗ್ರಾಮಿನ ಕೆಳಗಿನದು ಹೂ ಕೊಡುವುದು ಕಷ್ಟ. ನೇರಳೆಯೇ ಆಗಬೇಕೆಂಬುದೂ ಒಂದು ಮೂಢನಂಬಿಕೆ. ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ನೊಬೆಲ್ ತಂದುಕೊಟ್ಟ ನೀಲಿ ಎಲ್‌ಇಡಿಯ ಮೇಲೆ ಫಾಸ್ಫರ್ ಎಂಬ, ಬೆಳಕಿನ ಬಣ್ಣ ಬದಲಿಸುವ ಪುಡಿ ಬಳಿದರೆ ಬಿಳಿ ಬೆಳಕಾಗುತ್ತದೆ. ಗಿಡ ಅದನ್ನೂ ಚೆನ್ನಾಗಿಯೇ ಉಣ್ಣುತ್ತದೆ, ಜೊತೆಗೆ ಎಲೆಯ ರೋಗ ನಮ್ಮ ಕಣ್ಣಿಗೂ ಕಾಣುತ್ತದೆ.

ಹಾಗಾದರೆ ಬೇಕಾದಷ್ಟು ಲೈಟ್ ಹಾಕಿಸೋಣ ಎನ್ನುವವರಿಗೆ ಚೀಟಿಯ ಮೇಲೆ ಲೆಕ್ಕ ಬರೆದು ಕೊಡುತ್ತೇನೆ. ಒಂದು ಜೂಲ್ ವಿದ್ಯುತ್ತಿಗೆ 2.5 ಮೈಕ್ರೊಮೋಲ್ ಕೊಡುವ ಒಳ್ಳೆಯ ದೀಪದಿಂದ ಒಂದು ಚದರ ಮೀಟರ್ ಲೆಟಿಸ್‌ಗೆ ದಿನಕ್ಕೆ 14 ಮೋಲ್ ಉಣಿಸಲು ಒಂದೂವರೆ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಬೇಕು, ಅದೂ ಅಷ್ಟೂ ಬೆಳಕು ಎಲೆಯ ಮೇಲೇ ಬಿದ್ದರೆ. ಮೂವತ್ತೈದು ದಿನಕ್ಕೆ 54 ಯೂನಿಟ್; ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೆ 430 ರೂಪಾಯಿ ಮೇಲೆ. ಮೂರು ಕೆಜಿ ಸೊಪ್ಪು ಬಂದರೂ ಕೆಜಿಗೆ 145 ರೂಪಾಯಿ ಬೆಳಕಿಗೇ ಹೋಯಿತು. ಉರಿದ ವಿದ್ಯುತ್ತೆಲ್ಲ ಕೊನೆಗೆ ಕೋಣೆಯೊಳಗಿನ ಬಿಸಿಯಾಗಿ ಉಳಿಯುವುದರಿಂದ ಅದನ್ನು ಹೊರಹಾಕುವ ಎಸಿಯ ಬಿಲ್ಲು ಬೇರೆ. ಹೊರಗೆ ಬಿಸಿಲಿನ ದಿನ 40 ಮೋಲಿನಷ್ಟು ಬೆಳಕು ಪುಕ್ಕಟೆ ಸುರಿಯುತ್ತಿರುತ್ತದೆ. ಜಡಿಮಳೆಯ ತಿಂಗಳಲ್ಲಿ ಅದು ಮೂರನೇ ಒಂದು ಪಾಲಿಗೆ ಇಳಿದರೂ ಪಾಲಿಹೌಸಿನವನು ನಿಮಗಿಂತ ಅಗ್ಗಕ್ಕೆ ಮಾರುತ್ತಾನೆ.

ಒಳಾಂಗಣ ಎಲ್‌ಇಡಿ ಎಲ್ಲಿಯೂ ಗಿಟ್ಟುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬಾಳೆ, ಶುಂಠಿ ಅಥವಾ ಹಾಸನದವರಿಗೆ ಪ್ರಾಣವಾದ ಆಲೂಗಡ್ಡೆಯ ಬೀಜಮೂಲವನ್ನು ಅಂಗಾಂಶ ಕೃಷಿಯಲ್ಲಿ, ಅಂದರೆ ಗಿಡದ ಸಣ್ಣ ತುಣುಕಿನಿಂದ ಬಾಟಲಿಯಲ್ಲೇ ಸಸಿ ಮಾಡಿ, ಬೆಳೆಸುವ ಲ್ಯಾಬುಗಳಿಗೆ ಕಣ್ಣು ಮುಚ್ಚಿ ಒಪ್ಪಿಗೆ ಕೊಡುತ್ತೇನೆ. ಬಾಟಲಿಯೊಳಗಿನ ಸಸಿ ತಾನು ಬೇರೂರಿದ ಪೋಷಕ ಮಾಧ್ಯಮದಲ್ಲಿ ಬೆರೆಸಿಟ್ಟ ಸಕ್ಕರೆಯನ್ನೇ ಉಣ್ಣುತ್ತದೆ, 40-50 ಮೈಕ್ರೊಮೋಲ್ ಬೆಳಕು ಅದಕ್ಕೆ ಸಾಕು, ಒಂದು ಚದರ ಮೀಟರಿನಲ್ಲಿ ನೂರಾರು ಸಸಿ ಹಿಡಿಯುತ್ತವೆ. ಹಳೆಯ ಟ್ಯೂಬ್‌ಲೈಟ್ ತೆಗೆದರೆ ಎಸಿಯ ಹೊರೆಯೂ ಇಳಿಯುತ್ತದೆ. ಸೇವಂತಿಗೆಗೂ ಹಾಕಿಸಬಹುದು. ದೀರ್ಘ ರಾತ್ರಿ ಸಿಕ್ಕರೆ ಮೊಗ್ಗು ಕಟ್ಟುವ ಗಿಡ ಅದು. ನಡುರಾತ್ರಿ ಕೆಲವು ಗಂಟೆ ಮಂದ ಬೆಳಕು ಕೊಟ್ಟು ಮೊಗ್ಗನ್ನು ತಡೆದು ಕಾಂಡ ಉದ್ದ ಮಾಡಿಕೊಳ್ಳುತ್ತಾರೆ. ಅಲ್ಲಿ ಬೆಳಕು ಊಟವಲ್ಲ, ಬರೀ ಸೂಚನೆ, ಹಾಗಾಗಿ ಬಿಲ್ಲೂ ಸಣ್ಣದು.

ಹಿರೇಮಗಳೂರಿನ ಯಜಮಾನರು ಈ ಸಲ ಹೂ ಮುಗಿದೊಡನೆ ನವೆಂಬರಿನಲ್ಲಿ ಟ್ರೇಗಳನ್ನೆಲ್ಲ ತಾರಸಿಗೆ ಸಾಗಿಸಿ ತೆಳುವಾದ ನೆರಳುಬಲೆ ಕಟ್ಟಿದ್ದಾರೆ. ಬಿಸಿಲು ಸಾಲುತ್ತದೆ, ನಮ್ಮೂರಿನ ಚಳಿ ಕೇಸರಿಗೆ ಸಾಲುತ್ತದೆಂದು ಮಾತ್ರ ನಾನು ಮಾತು ಕೊಟ್ಟಿಲ್ಲ. ಎಲೆ ಒಣಗಿದ ಮೇಲೆ ಗೆಡ್ಡೆಗಳನ್ನು ಒಂದೊಂದಾಗಿ ತೂಗಿ ಫೋನ್ ಮಾಡುತ್ತೇನೆ ಎಂದಿದ್ದಾರೆ.