ದಮ್ಮಿನ ಕಫ ಹಳದಿಯಾದರೆ ಆ್ಯಂಟಿಬಯೋಟಿಕ್ ಬೇಕೇ?

ರಾಯಚೂರು, ಸಿಂಧನೂರು ಕಡೆ ಹತ್ತಿ ಜಿನ್ನಿಂಗ್, ಅಕ್ಕಿ ಗಿರಣಿಗಳ ಧೂಳಿನಲ್ಲಿ ದುಡಿಯುವ ದಮ್ಮಿನ ರೋಗಿಗಳಲ್ಲಿ ಒಂದು ರೂಢಿ ಇದೆ: ಕಫ ಹಳದಿಗೆ ತಿರುಗಿದೊಡನೆ ಮೆಡಿಕಲ್ ಶಾಪಿನಿಂದ ಮೂರು ದಿನದ ಅಜಿತ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ತಂದು ನುಂಗುವುದು. ದಯವಿಟ್ಟು ಬಣ್ಣವನ್ನು ನಂಬಬೇಡಿ. ಅಲರ್ಜಿಯ ದಮ್ಮಿನಲ್ಲಿ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ತುಂಬಿಕೊಂಡರೂ ಕಫ ಹಳದಿಯಾಗುತ್ತದೆ. ದಮ್ಮು ಏಕಾಏಕಿ ಜೋರಾಗಲು ಹೆಚ್ಚಿನ ಸಲ ನೆಗಡಿಯ ವೈರಸ್ ಕಾರಣ. ಅದರ ಮೇಲೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಜ್ವರವಿದ್ದು ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡರೆ ಮಾತು ಬೇರೆ.

ಹಾಗಂತ ಬ್ಯಾಕ್ಟೀರಿಯಾ ನಿರಪರಾಧಿಯಲ್ಲ. ಕೆಲವರ ಶ್ವಾಸನಾಳದಲ್ಲಿ ಹೀಮೋಫಿಲಸ್, ಮೊರಾಕ್ಸೆಲ್ಲಾ ಜಾತಿಯವು ಬೀಡುಬಿಡುತ್ತವೆ. ಅವನ್ನು ಎದುರಿಸಲು ನ್ಯೂಟ್ರೊಫಿಲ್ ಎಂಬ ಬೇರೆ ಬಿಳಿ ರಕ್ತಕಣಗಳು ಮುತ್ತುತ್ತವೆ. ಇಂಥ ಉರಿಯೂತಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಅಷ್ಟಾಗಿ ಬಗ್ಗುವುದಿಲ್ಲ.

ಇದನ್ನು ಪತ್ತೆಮಾಡಲು ಕಫ ಪರೀಕ್ಷೆ ಬೇಕು, ಅದು ಕೆಡುವುದು ಮಾದರಿ ಕೊಡುವಾಗಲೇ. ಬೆಳಿಗ್ಗೆ ಎದ್ದು ಬರೀ ನೀರಿನಿಂದ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ, ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಉಗಿಯಿರಿ. ಎರಡು ಗಂಟೆಯೊಳಗೆ ಲ್ಯಾಬ್ ತಲುಪಬೇಕು. ಲಿಂಗಸುಗೂರಿನಿಂದ ಏಪ್ರಿಲ್ ಬಿಸಿಲಲ್ಲಿ ಬಸ್ಸಿನಲ್ಲಿ ತಂದ ಡಬ್ಬಿಯೊಳಗೆ ನಾಜೂಕಾದ ಹೀಮೋಫಿಲಸ್ ಸತ್ತು, ಬಾಯಿಯ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದಿರುತ್ತವೆ. ಹಾಗಾಗಿ ದೂರದವರು ಲ್ಯಾಬಿಗೇ ಬಂದು ಮಾದರಿ ಕೊಡುವುದು ಮೇಲು. ಸೂಕ್ಷ್ಮದರ್ಶಕದಲ್ಲಿ ಬಾಯಿಯ ಚರ್ಮಕೋಶಗಳೇ ತುಂಬಿದ್ದರೆ ಅದು ಎಂಜಲು, ಕಫವಲ್ಲ; ಮತ್ತೆ ಕೇಳುವ ಲ್ಯಾಬ್ ಒಳ್ಳೆಯ ಲ್ಯಾಬ್.

ಆದರೆ ಹತೋಟಿಗೆ ಬಾರದ ದಮ್ಮಿಗೆ ವೈದ್ಯರು ದೀರ್ಘಕಾಲ ಕೊಡುವ ಅಜಿತ್ರೋಮೈಸಿನ್‌ಗೆ ಆಧಾರವಿದೆ. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಇನ್‌ಹೇಲರ್ ಬಳಸಿಯೂ ಹತೋಟಿಗೆ ಬಾರದ 420 ವಯಸ್ಕರ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ವಾರಕ್ಕೆ ಮೂರು ಸಲ 500 ಮಿಲಿಗ್ರಾಂನಂತೆ 48 ವಾರ ಕೊಡಲಾಯಿತು, ಉಳಿದವರಿಗೆ ಹುಸಿ ಮಾತ್ರೆ. ದಮ್ಮು ಉಲ್ಬಣಿಸಿದ್ದು ಹುಸಿ ಮಾತ್ರೆಯವರಲ್ಲಿ ವರ್ಷಕ್ಕೆ ಸರಾಸರಿ 1.86 ಸಲ, ಔಷಧಿ ಪಡೆದವರಲ್ಲಿ 1.07 ಸಲ. ಭೇದಿ ಮಾತ್ರ ಹೆಚ್ಚಿತು. ಅಂಗಡಿಯಿಂದ ತಂದ ಮೂರು ದಿನದ ಮಾತ್ರೆಗಳಿಗೆ ಈ ಫಲ ಹೊಂದಿಸಬೇಡಿ.

ಶುರುಮಾಡುವ ಮುನ್ನ ಇಸಿಜಿ ಕಡ್ಡಾಯ, ಏಕೆಂದರೆ ಈ ಮಾತ್ರೆ ಹೃದಯದ ಬಡಿತದ ಲಯ ಕೆಡಿಸಬಲ್ಲದು. ಕಿವಿ ಕೇಳಿಸುವುದು ಕಡಿಮೆಯಿದ್ದರೆ ಹೇಳಿ. ಕಫದಲ್ಲಿ ಕ್ಷಯ ಮತ್ತು ಅದರ ಜಾತಿಯ ಇತರ ರೋಗಾಣುಗಳಿಲ್ಲ ಎಂದು ಖಚಿತವಾಗಲಿ. ಅವು ಇದ್ದಾಗ ಇದೊಂದೇ ಔಷಧಿ ಕೊಟ್ಟರೆ ಕೆಲವು ಅದಕ್ಕೆ ಜಗ್ಗದಂತಾಗುತ್ತವೆ. ಎಲ್ಲಕ್ಕಿಂತ ಮೊದಲು ವೈದ್ಯರೆದುರು ಇನ್‌ಹೇಲರ್ ಎಳೆದು ತೋರಿಸಿ. ಮಾತ್ರೆ ಶುರುವಾದ ಮೇಲೂ ಇನ್‌ಹೇಲರ್ ಬಿಡುವಂತಿಲ್ಲ.