ಬೇಕರಿಗೆ ಎಷ್ಟು ಗಂಟೆಗೆ ಹೋಗ್ತೀರಿ?

ಕೇಕು, ಪೇಸ್ಟ್ರಿ ಮಾಡುವುದೇ ನನ್ನ ಕಸುಬು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. "ಬೆಂಗಳೂರಲ್ಲಿ ಒಳ್ಳೇ ಬೇಕರಿ ಯಾವುದು ಸಾರ್?" ನಾನು ತಿರುಗಿ ಕೇಳುತ್ತೇನೆ, "ಎಷ್ಟು ಗಂಟೆಗೆ ಹೋಗ್ತೀರಿ?" ಬಹಳ ಜನ ಇದನ್ನು ತಮಾಷೆ ಅಂದುಕೊಳ್ಳುತ್ತಾರೆ. ಆದರೆ ಬೇಕರಿ ತಿಂಡಿಗಳಲ್ಲಿ ಒಂದೊಂದಕ್ಕೂ ಒಂದೊಂದು ಹೊತ್ತು ಇರುತ್ತದೆ. ಪಫ್ಸ್ ಓವನ್ನಿಂದ ಇಳಿದ ಸ್ವಲ್ಪ ಹೊತ್ತಿಗೇ ತಿನ್ನಬೇಕು. ಹನಿ ಕೇಕಿಗೆ ಪಾಕ ಹಾಕಿದ ತಕ್ಷಣ ಕೈ ಹಾಕಬಾರದು. ಬ್ರೆಡ್ಡನ್ನು ಬಿಸಿಬಿಸಿ ಕತ್ತರಿಸಿದರೆ ಒಳಗೆಲ್ಲ ಅಂಟಂಟು. ರಸ್ಕಿಗೆ ಯಾವ ಅವಸರವೂ ಇಲ್ಲ. ಇದಿಷ್ಟು ತಿಳಿದಿದ್ದರೆ ಬೀದಿ ಕೊನೆಯ ಸಾಧಾರಣ ಅಂಗಡಿಯಲ್ಲೂ ಸೊಗಸಾದದ್ದು ಸಿಗುತ್ತದೆ. ತಿಳಿಯದಿದ್ದರೆ ಹೆಸರುವಾಸಿ ಅಂಗಡಿಗೆ ಹೋದರೂ ದುಡ್ಡು ದಂಡ.

ಅಯ್ಯಂಗಾರ್ ಬೇಕರಿಯಿಂದಲೇ ಶುರು ಮಾಡೋಣ. ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಚಿಕ್ಕಪೇಟೆಯಲ್ಲಿ ತೆರೆದ ಬಿ.ಬಿ. ಬೇಕರಿ ಇವಕ್ಕೆಲ್ಲ ಹಿರಿಯಣ್ಣ. ಆಮೇಲೆ ಹಾಸನದ ಕಡೆಯಿಂದ ಬಂದ ಕುಟುಂಬಗಳು ಬಡಾವಣೆಗೊಂದರಂತೆ ಬೇಕರಿ ಇಟ್ಟವು. ಮೊಟ್ಟೆ ಹಾಕದ ಕೇಕು ಮಡಿವಂತರ ಮನೆಯೊಳಗೂ ಹೋಯಿತು.

ಹಳೇ ಇಟ್ಟಿಗೆ ಒಲೆಯ ಲೆಕ್ಕಾಚಾರ ನನಗೆ ಇವತ್ತಿಗೂ ಬಹಳ ಇಷ್ಟ. ಸೌದೆ ಉರಿಸಿ ಮೊದಲು ಇಟ್ಟಿಗೆಗಳನ್ನು ಕಾಯಿಸುತ್ತಾರೆ. ಕೆಂಡ ಬಾಚಿ ತೆಗೆಯುತ್ತಾರೆ. ಆಮೇಲೆ ಬೇಯುವುದೆಲ್ಲ ಇಟ್ಟಿಗೆ ಹಿಡಿದಿಟ್ಟುಕೊಂಡ ಶಾಖದಲ್ಲೇ. ಮೊದಲ ಜೋರು ಶಾಖ, 220 ಡಿಗ್ರಿ ಆಸುಪಾಸಿನದು, ಬ್ರೆಡ್ಡಿಗೆ, ಬನ್ನಿಗೆ. 180ರ ಹತ್ತಿರ ಇಳಿದಾಗ ಕೇಕು. ಇನ್ನೂ ಇಳಿದ ಮೇಲೆ ಬಿಸ್ಕೆಟ್. ಕೊನೆಗೆ ಬ್ರೆಡ್ ಹೋಳುಗಳನ್ನು ಒಳಗೆ ಜೋಡಿಸಿ ರಾತ್ರಿ ಬಾಗಿಲು ಹಾಕಿದರೆ ಬೆಳಿಗ್ಗೆಗೆ ರಸ್ಕ್. ಒಂದು ಸಲದ ಸೌದೆಯಲ್ಲಿ ಇಡೀ ಅಂಗಡಿ ತುಂಬುತ್ತಿತ್ತು. ಈಗ ಕರೆಂಟಿನ ಓವನ್, ಡೀಸೆಲ್ ಓವನ್ ಬಂದಿವೆ. ಯಾವಾಗ ಏನು ಬೇಕಾದರೂ ಬೇಯಿಸಬಹುದು. ಆದರೂ ಬಹಳ ಕಡೆ ಹಳೇ ಕ್ರಮವೇ ನಡೆಯುತ್ತಿದೆ, ಗಿರಾಕಿಗಳಿಗೂ ಅದೇ ರೂಢಿ. ಬೆಳಿಗ್ಗೆ ಬ್ರೆಡ್ಡು. ಮೂರೂವರೆ, ನಾಲ್ಕು ಗಂಟೆಗೆ, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ, ಖಾರಾ ಬನ್ನು ಮತ್ತು ಪಫ್ಸು.

ಖಾರಾ ಬನ್ನಿಗೆ ಆ ಹೊತ್ತೇ ಹೊತ್ತು. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಎಲ್ಲ ಹಿಟ್ಟಿನೊಳಗೇ ಇರುವುದರಿಂದ ಬಿಸಿಯಿರುವಾಗ ಅದರ ಘಮವೇ ಬೇರೆ. ಈರುಳ್ಳಿಯ ನೀರಿನಂಶ ಮರುದಿನ ಬನ್ನನ್ನು ಮೆತ್ತಗೆ, ಸ್ವಲ್ಪ ಹುಳಿಯಾಗಿ ಮಾಡಿಬಿಡುತ್ತದೆ. ಪಫ್ಸಿನ ಕಥೆಯೂ ಅದೇ. ಒಳಗಿನ ಪಲ್ಯದ ತೇವ ನಿಧಾನವಾಗಿ ಪದರಗಳಿಗೆ ಇಳಿಯುತ್ತದೆ. ಬಲ್ಬು ಹಾಕಿದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರಲ್ಲ, ಅದು ಪಫ್ಸನ್ನು ಬೆಚ್ಚಗಿಡುತ್ತದೆಯೇ ಹೊರತು ಗರಿಗರಿಯಾಗಿ ಇಡುವುದಿಲ್ಲ. ಬೆಚ್ಚಗಿದೆ ಎಂದು ಹೊಸದು ಅಂದುಕೊಳ್ಳಬೇಡಿ. "ಈಗ ಯಾವ ಟ್ರೇ ಬಂತು?" ಎಂದು ಕೌಂಟರಿನಲ್ಲಿ ಕೇಳಿ. "ಏನು ಚೆನ್ನಾಗಿದೆ?" ಎಂದು ಕೇಳಿದರೆ ಎಲ್ಲವೂ ಚೆನ್ನಾಗಿದೆ ಅನ್ನುತ್ತಾರೆ, ಅನ್ನದೆ ಇನ್ನೇನು ಮಾಡ್ತಾರೆ? ಟ್ರೇ ಕೇಳಿದರೆ ನಿಜ ಹೇಳುತ್ತಾರೆ.

ಹನಿ ಕೇಕ್ ಇದಕ್ಕೆ ಪೂರ್ತಿ ಉಲ್ಟಾ. ಬೇಯಿಸಿದ ಸ್ಪಾಂಜನ್ನು ಆರಲು ಬಿಡುತ್ತಾರೆ. ಸಕ್ಕರೆ ಪಾಕಕ್ಕೆ ಜೇನು ಬೆರೆಸಿ ಮೇಲೆ ಸುರಿಯುತ್ತಾರೆ. ಮೇಲೊಂದು ತೆಳುವಾದ ಜಾಮ್ ಪದರ, ಅದರ ಮೇಲೆ ಒಣಕೊಬ್ಬರಿ ತುರಿ. ಜೇನಿನ ಪಾಲು ಕಡಿಮೆಯೇ. ಆ ಬೆಲೆಗೆ ಪೂರ್ತಿ ಜೇನು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ಪಾಕ ಮೇಲಿನಿಂದ ತಳದವರೆಗೆ ಸಮನಾಗಿ ಇಳಿಯಲು ಕೆಲವು ಗಂಟೆ ಬೇಕು. ಅವಸರದಲ್ಲಿ ಕತ್ತರಿಸಿದ ತುಂಡಿನ ತಳ ಒಣಗಿರುತ್ತದೆ, ನಡುಭಾಗ ನೆಂದು ತೊಪ್ಪೆಯಾಗಿರುತ್ತದೆ. ಸರಿಯಾಗಿ ಕೂತ ತುಂಡನ್ನು ಮೂಲೆಯಲ್ಲಿ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಬೆರಳಿಗೆ ಅಂಟು ತಾಗುತ್ತದೆ, ಪಾಕ ಮಾತ್ರ ಒಸರುವುದಿಲ್ಲ. ಹನಿ ಕೇಕ್ ಬೇಕಿದ್ದರೆ ಬೆಳಿಗ್ಗೆ ಹೋಗಿ, ಹಿಂದಿನ ದಿನ ಮಾಡಿದ್ದನ್ನೇ ಕೇಳಿ. ಬೆಣ್ಣೆ ಹಾಕಿದ ಪ್ಲೇನ್ ಕೇಕು, ಕ್ರಿಸ್‌ಮಸ್‌ನ ಪ್ಲಮ್ ಕೇಕು ಕೂಡ ಹೀಗೇ. ಒಂದು ರಾತ್ರಿ ಕಳೆದ ಮೇಲೆಯೇ ಅವುಗಳ ರುಚಿ ಕೂಡಿಕೊಳ್ಳುವುದು.

ದಿಲ್‌ಪಸಂದ್ ಎರಡಕ್ಕೂ ಸಲ್ಲುತ್ತದೆ. ಕೊಬ್ಬರಿ, ಟೂಟಿ ಫ್ರೂಟಿ ತುಂಬಿದ ಈ ದುಂಡನೆಯ ತಿಂಡಿ ಬೆಚ್ಚಗೂ ಚೆನ್ನ, ಆರಿದರೂ ಚೆನ್ನ. ಟೂಟಿ ಫ್ರೂಟಿ ಕಡಿಮೆ, ಕೊಬ್ಬರಿ ಜಾಸ್ತಿ ಇರುವ ಅಂಗಡಿ ಹುಡುಕಿಕೊಳ್ಳಿ, ಅಷ್ಟೇ.

ಹೊಸ ಅಂಗಡಿಗೆ ಕಾಲಿಟ್ಟಾಗ ನಾನು ಮೊದಲು ತೆಗೆದುಕೊಳ್ಳುವುದು ಬೆಣ್ಣೆ ಬಿಸ್ಕೆಟ್. ಅದರಲ್ಲಿ ಬಚ್ಚಿಡಲು ಜಾಗವೇ ಇಲ್ಲ. ಮೈದಾ, ಸಕ್ಕರೆ, ಕೊಬ್ಬು, ಚಿಟಿಕೆ ಉಪ್ಪು. ಕೊಬ್ಬು ಯಾವುದು ಎಂದು ನಾಲಿಗೆಯೇ ಹೇಳುತ್ತದೆ. ಬೆಣ್ಣೆ ಕರಗುವುದು ಸುಮಾರು 32ರಿಂದ 35 ಡಿಗ್ರಿಯಲ್ಲಿ, ಅಂದರೆ ನಮ್ಮ ಬಾಯಿಯ ಬಿಸಿಗೆ ಪೂರ್ತಿ ಕರಗಿ ಹೋಗುತ್ತದೆ. ಪಫ್ಸಿಗೆಂದೇ ಎಣ್ಣೆಯಿಂದ ಮಾಡಿದ ಬೆಣ್ಣೆಯಂಥ ಕೊಬ್ಬು, ಅಂದರೆ ಮಾರ್ಗರಿನ್, ಗಟ್ಟಿಯಾಗಿರಬೇಕು, ಆದ್ದರಿಂದ ಅದು ಕರಗುವುದಕ್ಕೆ ಇನ್ನೂ ಜಾಸ್ತಿ ಶಾಖ ಬೇಕು. ತಿಂದ ಮೇಲೆ ಅಂಗುಳಿಗೆ ಮೇಣ ಸವರಿದಂತೆ ಒಂದು ಪದರ ಉಳಿದರೆ ಅದು ಬೆಣ್ಣೆಯಲ್ಲ. ಹಾಗಂತ ಬೀದಿ ಬದಿಯ ಪಫ್ಸಿನಲ್ಲಿ ಬೆಣ್ಣೆ ಹುಡುಕುವುದು ನ್ಯಾಯವಲ್ಲ. ಆ ದುಡ್ಡಿಗೆ ಬೆಣ್ಣೆ ಗಿಟ್ಟುವುದಿಲ್ಲ. ಇಂಥ ಕೊಬ್ಬುಗಳಲ್ಲಿ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಫ್ಯಾಟ್ ನೂರಕ್ಕೆ 2ನ್ನು ಮೀರಬಾರದು ಎಂಬ ನಿಯಮ 2022ರ ಜನವರಿಯಿಂದ ಇದೆ. ನನ್ನ ತಕರಾರು ಏನಿದ್ದರೂ ಬೋರ್ಡಿನಲ್ಲಿ 'ಬಟರ್' ಎಂದು ಬರೆದು, ಬಟರಿನ ಬೆಲೆಯನ್ನೇ ತೆಗೆದುಕೊಂಡು, ಒಳಗೆ ಬೇರೆ ಹಾಕುವವರ ಮೇಲೆ.

ಈಗ ಇಂದಿರಾನಗರ, ಕೋರಮಂಗಲದ ಪೇಸ್ಟ್ರಿ ಅಂಗಡಿಗಳಿಗೆ ಬರೋಣ. ಇಲ್ಲಿ ಪರೀಕ್ಷೆಗೆ ಪ್ಲೇನ್ ಕ್ರೊಸಾಂಟ್, ಅಂದರೆ ಬೆಣ್ಣೆ ಪದರಗಳ ಫ್ರೆಂಚ್ ರೋಲ್, ಸಾಕು. ಚಾಕೊಲೇಟ್, ಪಿಸ್ತಾ ತುಂಬಿದ್ದು ಬೇಡ. ಹಿಟ್ಟಿನ ನಡುವೆ ಬೆಣ್ಣೆ ಹಲಗೆ ಇಟ್ಟು, ಮೂರು ಮಡಿಕೆಯಂತೆ ಮೂರು ಸಲ ಮಡಚಿದರೆ 27 ಬೆಣ್ಣೆ ಪದರ ಆಗುತ್ತದೆ. ಓವನ್ನಿನಲ್ಲಿ ಆ ಪದರಗಳ ನೀರು ಆವಿಯಾಗಿ ಹಿಟ್ಟನ್ನು ಎತ್ತುತ್ತದೆ. ಕೈಯಲ್ಲಿ ಹಿಡಿದರೆ ನೋಡುವ ಗಾತ್ರಕ್ಕಿಂತ ಹಗುರ ಅನ್ನಿಸಬೇಕು. ಅಡ್ಡಲಾಗಿ ಕೊಯ್ದರೆ ದೊಡ್ಡ ದೊಡ್ಡ ಕಣ್ಣುಗಳಿರಬೇಕು. ಬ್ರೆಡ್ಡಿನಂತೆ ಒತ್ತೊತ್ತಾಗಿದ್ದರೆ ಬೆಣ್ಣೆ ನಡುವೆಯೇ ಕರಗಿ ಹಿಟ್ಟಿನೊಳಗೆ ಸೇರಿಹೋಗಿದೆ ಎಂದರ್ಥ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಎಸಿ ಇಲ್ಲದ ಅಡುಗೆಮನೆಯಲ್ಲಿ ಇದು ತಪ್ಪಿದ್ದಲ್ಲ.

ಬಣ್ಣವನ್ನೂ ನೋಡಿ. ಕ್ರೊಸಾಂಟ್ ಕಡು ಕಂದು ಇರಬೇಕು, ತಳ ಕೂಡ. ನಮ್ಮಲ್ಲಿ ಗಿರಾಕಿಗಳು "ಸೀದಿದೆ" ಎಂದು ವಾಪಸು ಕೊಡುತ್ತಾರೆ ಎಂಬ ಭಯಕ್ಕೆ ಬಹಳ ಅಂಗಡಿಗಳು ಅರ್ಧ ಬೆಂದಾಗಲೇ ತೆಗೆದುಬಿಡುತ್ತವೆ. ಮೇಲೆ ಹಳದಿ ದೀಪ ಹಾಕುತ್ತವೆ. ಆ ದೀಪದ ಕೆಳಗೆ ಬಿಳಿಚಿದ ಕ್ರೊಸಾಂಟೂ ಹೊಂಬಣ್ಣ! ಕಿಟಕಿಯ ಪಕ್ಕದ ಟೇಬಲ್ಲಿಗೆ ತಂದು ನೋಡಿದರೆ ಅಸಲಿ ಬಣ್ಣ ಕಾಣುತ್ತದೆ. ಇನ್ನು ಸಮಯ: ಇದು ಬೆಳಗಿನ ತಿಂಡಿ, ಹನ್ನೊಂದರೊಳಗೆ ತಿಂದು ಮುಗಿಸಬೇಕು. ಸಂಜೆ ಏಳಕ್ಕೆ ಕ್ರೊಸಾಂಟ್ ಕೇಳಿದರೆ ಮೈಕ್ರೋವೇವಿನಲ್ಲಿ ಬಿಸಿ ಮಾಡಿ ಕೊಡುತ್ತಾರೆ. ಹೆಸರು ಬೇಡ, ದುಬಾರಿ ಕೆಫೆಯೊಂದರಲ್ಲಿ ಮೊನ್ನೆ ನನಗೂ ಹಾಗೇ ಕೊಟ್ಟರು. ಎರಡು ನಿಮಿಷ ಮೃದು, ಆಮೇಲೆ ರಬ್ಬರ್.

ತಣ್ಣನೆಯ ಗಾಜಿನ ಕಪಾಟಿನ ಪೇಸ್ಟ್ರಿಗಳು ಸಂಜೆಗೆ ಸರಿ. ಆದರೆ ತಂದಿಟ್ಟ ಕೂಡಲೇ ಚಮಚ ಹಾಕಬೇಡಿ. ಕಪಾಟಿನೊಳಗೆ ಸುಮಾರು 4 ಡಿಗ್ರಿ. ಅಷ್ಟು ತಣ್ಣಗಿದ್ದರೆ ಬೆಣ್ಣೆ, ಚಾಕೊಲೇಟ್ ಎರಡೂ ಕಲ್ಲು, ನಾಲಿಗೆಗೆ ರುಚಿ ಸರಿಯಾಗಿ ಸಿಗುವುದಿಲ್ಲ. ಹತ್ತು ಹದಿನೈದು ನಿಮಿಷ ಬಿಡಿ, ಹರಟೆ ಹೊಡೆಯಿರಿ. ಈ ಹೊತ್ತಿನಲ್ಲಿ ಕ್ರೀಮಿನ ಗುಟ್ಟೂ ಬಯಲಾಗುತ್ತದೆ. ಹಾಲಿನ ಕೆನೆಯಾದರೆ ಅಂಚು ಮೆಲ್ಲಗೆ ಮೆತ್ತಗಾಗುತ್ತದೆ. ತಾಳೆ ಎಣ್ಣೆಯಿಂದ ಮಾಡಿದ ಕ್ರೀಮಾದರೆ ಹೂವಿನ ಎಸಳು ಒಂದಿಷ್ಟೂ ಅಲುಗದೆ ಹಾಗೇ ನಿಂತಿರುತ್ತದೆ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಎಗ್‌ಲೆಸ್ ಅಂದ ಮಾತ್ರಕ್ಕೆ ಮುಗಿಯಲಿಲ್ಲ. ನೊರೆಯಂತೆ ಹಗುರವಾದ ಮೂಸ್, ಬೇಯಿಸದ ಚೀಸ್‌ಕೇಕ್ ಇವುಗಳನ್ನು ಗಟ್ಟಿ ಮಾಡಲು ಕೆಲವರು ಜೆಲಟಿನ್ ಬಳಸುತ್ತಾರೆ. ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬರುವಂಥದ್ದು. ಅದರ ಬದಲು ಕಡಲಕಳೆಯಿಂದ ಬರುವ ಅಗರ್ ಅಗರ್ ಹಾಕುವವರೂ ಇದ್ದಾರೆ. ಸಂಕೋಚವಿಲ್ಲದೆ ಕೇಳಿ. ಒಳ್ಳೇ ಅಡುಗೆಯವನು ಇಂಥ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಾಫಿ ಬಗ್ಗೆ ನನ್ನದು ಸ್ವಲ್ಪ ಹಟ. ಕೇಕ್ ಜೊತೆ ಸಕ್ಕರೆ ಹಾಕಿದ ಕಾಫಿ ಬೇಡ. ಬಾಯಲ್ಲಿ ಕೇಕಿನ ಸಿಹಿ ಇರುವಾಗ ಕಾಫಿಯ ಸಕ್ಕರೆ ಗೊತ್ತೇ ಆಗುವುದಿಲ್ಲ, ಸುಮ್ನೆ ಹೊಟ್ಟೆಗೆ ಹೋಗುತ್ತದೆ ಅಷ್ಟೇ. ಕಹಿ ಇದ್ದರೆ ಒಂದು ಗುಟುಕು ನಾಲಿಗೆ ತೊಳೆದು ಮುಂದಿನ ತುತ್ತಿಗೆ ಜಾಗ ಮಾಡುತ್ತದೆ. ಚಾಕೊಲೇಟ್ ಕೇಕಿಗೆ ಹಾಲಿಲ್ಲದ ಕಾಫಿ ನೋಡಿ. ಬೆಣ್ಣೆ ಬಿಸ್ಕೆಟ್, ರಸ್ಕು, ಪ್ಲಮ್ ಕೇಕು ಇವಕ್ಕೆ ನಮ್ಮ ಫಿಲ್ಟರ್ ಕಾಫಿಯೇ ಸರಿ. ಚಿಕೋರಿ ಇರುವುದರಿಂದ ಡಿಕಾಕ್ಷನ್ ಗಟ್ಟಿಯಾಗಿ ಹಾಲಿನ ಜೊತೆ ನಿಲ್ಲುತ್ತದೆ. ಮಿಶ್ರಣದಲ್ಲಿ ಕಾಫಿ ಕನಿಷ್ಠ ನೂರಕ್ಕೆ 51ರಷ್ಟು ಇರಲೇಬೇಕು ಎಂದು ಕಾನೂನೇ ಹೇಳುತ್ತದೆ, ಪಾಲು ಪ್ಯಾಕೆಟ್ಟಿನ ಮೇಲೆ ಇರುತ್ತದೆ. ಕ್ಯಾಪುಚಿನೊ ಕುಡಿಯುವವರು "ಎಕ್ಸ್‌ಟ್ರಾ ಹಾಟ್" ಎಂದು ಹೇಳುವುದನ್ನು ಬಿಡಿ. ಹಾಲು 60ರಿಂದ 65 ಡಿಗ್ರಿಯಲ್ಲಿದ್ದಾಗಲೇ ಅದರ ಸಿಹಿ ಚೆನ್ನಾಗಿ ಗೊತ್ತಾಗುವುದು. ಅದಕ್ಕಿಂತ ಜಾಸ್ತಿ ಕಾಯಿಸಿದರೆ ನೊರೆ ಒಡೆದು ಕಾದ ಹಾಲಿನ ವಾಸನೆ ಬರುತ್ತದೆ. ಇಬ್ಬರಿದ್ದರೆ ಬೈಟು ಹೇಳಿ, ಕೇಕಿನ ಜೊತೆ ಅರ್ಧ ಲೋಟ ಕಾಫಿ ಧಾರಾಳ ಸಾಕು.

ಒಂದು ಶನಿವಾರ ಬಿಡುವಿದ್ದರೆ ಹೀಗೆ ಸುತ್ತಬಹುದು. ಮಧ್ಯಾಹ್ನ ಫ್ರೇಜರ್ ಟೌನಿನ ಮಾಸ್ಕ್ ರಸ್ತೆಗೆ ಹೋಗಿ. ಅಲ್ಲಿನ ಆಲ್ಬರ್ಟ್ ಬೇಕರಿ 1902ರದ್ದು. ಬಾಗಿಲು ತೆಗೆಯುವುದೇ ಮಧ್ಯಾಹ್ನ, ಬೆಳಿಗ್ಗೆ ಹೋಗಿ ಸಪ್ಪೆ ಮುಖ ಹಾಕಿಕೊಂಡು ಬರಬೇಡಿ. ಸಿಹಿ ಖೋವಾ ತುಂಬಿದ ಖೋವಾ ನಾನ್ ಬೇಗ ಖಾಲಿಯಾಗುತ್ತದೆ. ಕೂತು ಕಾಫಿ ಕುಡಿಯಬೇಕೆಂದರೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಇದೆ, 1940ರಲ್ಲಿ ಬೇಕರಿಯಾಗಿಯೇ ಶುರುವಾದದ್ದು. ಸಂಜೆಗೆ ವಿ.ವಿ. ಪುರದ ವಿ.ಬಿ. ಬೇಕರಿ. ತಿಂಡಿ ಬೀದಿಯ ಗದ್ದಲ ಶುರುವಾಗುವ ಮುಂಚೆ ತಲುಪಿದರೆ ನೆಮ್ಮದಿ. ಅಲ್ಲಿ ಬನ್ನನ್ನು ನಿಂತೇ ತಿನ್ನಿ, ಮಸಾಲೆ ಹಚ್ಚಿದ ಕಾಂಗ್ರೆಸ್ ಕಡ್ಲೆಕಾಯಿಬೀಜವನ್ನು ಮಾತ್ರ ಮನೆಗೆ ಕಟ್ಟಿಸಿಕೊಳ್ಳಿ.

ಮನೆಗೆ ತಂದದ್ದನ್ನು ಹಾಳು ಮಾಡುವುದು ಫ್ರಿಜ್ಜು. ಬ್ರೆಡ್ಡು, ಬನ್ನು ಅದರೊಳಗೆ ಹೊರಗಿಗಿಂತ ಬೇಗ ಒರಟಾಗುತ್ತವೆ. ಆ ತಂಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗುವುದೇ ಇದಕ್ಕೆ ಕಾರಣ. ಎರಡು ದಿನದೊಳಗೆ ಮುಗಿಯುವುದಾದರೆ ಹೊರಗೇ ಇಡಿ, ಇಲ್ಲವಾದರೆ ಹೋಳು ಮಾಡಿ ಫ್ರೀಜರಿಗೆ ಹಾಕಿ. ಕ್ರೀಮ್ ಪೇಸ್ಟ್ರಿಯನ್ನು ಫ್ರಿಜ್ಜಿನಲ್ಲೇ ಇಡಬೇಕು, ಆದರೆ ಮುಚ್ಚಳವಿರುವ ಡಬ್ಬಿಯಲ್ಲಿ. ಇಲ್ಲದಿದ್ದರೆ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಈರುಳ್ಳಿ ವಾಸನೆ ಬರುತ್ತದೆ. ಮೆತ್ತಗಾದ ಪಫ್ಸಿಗೆ ದೋಸೆ ಕಾವಲಿ ಸಾಕು. ಎಣ್ಣೆ ಹಾಕಬೇಡಿ, ಉರಿ ಸಣ್ಣಗಿರಲಿ, ಮೊದಲು ಮುಚ್ಚಿ ಎರಡೂ ಕಡೆ ಬಿಸಿ ಮಾಡಿ. ಕೊನೆಯ ಒಂದೆರಡು ನಿಮಿಷ ಮುಚ್ಚಳ ತೆಗೆದುಬಿಡಿ, ಒಳಗಿನ ಆವಿ ಹೊರಗೆ ಹೋದರೆ ಪದರ ಮತ್ತೆ ಗರಿಯಾಗುತ್ತದೆ.