ಬೆಳಗಿನ ಜಾವದ ಕನಸನ್ನು ಓದುವ ಬಗೆ

ಬೆಳಗಿನ ಜಾವ ಬಿದ್ದ ಕನಸು ನಿಜವಾಗುತ್ತದೆ ಎಂಬ ಮಾತು ದಾವಣಗೆರೆ, ಚಿತ್ರದುರ್ಗದ ಕಡೆ ಮನೆಮನೆಯಲ್ಲೂ ಕೇಳಿಬರುತ್ತದೆ. ಭವಿಷ್ಯದ ವಿಚಾರ ಪಕ್ಕಕ್ಕಿರಲಿ. ಆ ಹೊತ್ತಿನ ಕನಸು ಉಳಿದವುಗಳಿಗಿಂತ ದೊಡ್ಡದಾಗಿ, ಗಾಢವಾಗಿ ಇರುತ್ತದೆ ಎಂಬುದಂತೂ ದಿಟ.

ನಮ್ಮ ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಸುತ್ತಿನ ಕೊನೆಗೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರನೆ ಓಡಾಡುವ ಹಂತ ಬರುತ್ತದೆ. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ವರದಿ ಮಾಡಿದ ಈ ಹಂತವೇ ರೆಮ್ ನಿದ್ದೆ. ಆಗ ಎಬ್ಬಿಸಿ ಕೇಳಿದರೆ ಹತ್ತರಲ್ಲಿ ಸುಮಾರು ಎಂಟು ಸಲ ಕನಸಿನ ವಿವರ ಸಿಗುತ್ತದೆ. ಮೊದಲ ಸುತ್ತಿನಲ್ಲಿ ಹತ್ತು ನಿಮಿಷವಿರುವ ರೆಮ್, ಕೊನೆಯ ಸುತ್ತಿಗೆ ಅರ್ಧ ಗಂಟೆಯನ್ನೂ ದಾಟುತ್ತದೆ. ಸೇವಂತಿಗೆ ಮೂಟೆ ಹೇರಿಕೊಂಡು ನಸುಕಿನಲ್ಲೇ ಹೂವಿನ ಮಾರುಕಟ್ಟೆಗೆ ಹೊರಡುವವರು ‘ನಮಗೆ ಕನಸೇ ಬೀಳಲ್ಲ’ ಎನ್ನುವುದು ಇದಕ್ಕೇ. ಕನಸಿನ ದೊಡ್ಡ ಪಾಲು ಬೀಳುವ ಹೊತ್ತಿಗೆ ಅವರು ಎದ್ದಾಗಿರುತ್ತದೆ. ಕುಡಿದು ಮಲಗಿದರೆ ರಾತ್ರಿಯ ಮೊದಲರ್ಧದ ರೆಮ್ ಅಡಗಿ, ಎರಡನೇ ಅರ್ಧದಲ್ಲಿ ನಿದ್ದೆ ಕೆಟ್ಟು ಕನಸುಗಳು ಕಾಡುತ್ತವೆ.

ರೆಮ್ ಹೊತ್ತಿನಲ್ಲಿ ಭಾವನೆಗಳನ್ನು ನೋಡಿಕೊಳ್ಳುವ ಅಮಿಗ್ಡಲ ಎಂಬ ಮಿದುಳಿನ ಭಾಗ ಚುರುಕಾಗಿರುತ್ತದೆ, ಸರಿ-ತಪ್ಪು ತೂಗಿ ನೋಡುವ ಹಣೆಭಾಗದ ಮಿದುಳು ಮಂಕಾಗಿರುತ್ತದೆ. ಕತೆ ಅಡ್ಡಾದಿಡ್ಡಿ ಹೋದರೂ ಅಳು, ಭಯ, ನಾಚಿಕೆ ಅಷ್ಟು ನಿಜ ಅನ್ನಿಸುವುದಕ್ಕೆ ಇದು ಕಾರಣ. ಆದ್ದರಿಂದ ಕನಸಿನ ಅರ್ಥ ಹುಡುಕುವವರು ಮೊದಲು ಹಿಡಿಯಬೇಕಾದದ್ದು ಭಾವನೆಯನ್ನು. ಕಂಡ ವಸ್ತು ಆಮೇಲೆ.

ಹಾವು ಕಂಡರೆ ಹರಕೆ ಬಾಕಿ, ಹಲ್ಲು ಉದುರಿದರೆ ಸಾವಿನ ಸೂಚನೆ ಎಂಬಂಥ ಪಟ್ಟಿಗಳು ಇಲ್ಲಿ ಕೆಲಸಕ್ಕೆ ಬಾರವು. ಹಲ್ಲು ಉದುರುವ ಕನಸನ್ನು 2018ರಲ್ಲಿ ಇಸ್ರೇಲಿನ ಸಂಶೋಧಕರು ಪರಿಶೀಲಿಸಿದಾಗ, ಅದಕ್ಕೆ ನಂಟು ಕಂಡದ್ದು ಎದ್ದಾಗ ಹಲ್ಲು, ವಸಡು, ದವಡೆಯಲ್ಲಿರುವ ಬಿಗಿತಕ್ಕೆ. ಅಂಥ ಕನಸು ಮತ್ತೆಮತ್ತೆ ಬಿದ್ದರೆ ದಂತವೈದ್ಯರಿಗೆ ತೋರಿಸುವುದೇ ಸರಿ.

ಕನಸು ಹಿಡಿದಿಡುವುದಕ್ಕೆ ದಿಂಬಿನ ಪಕ್ಕ ಒಂದು ನೋಟ್‌ಬುಕ್, ಪೆನ್ನು ಸಾಕು. ಎಚ್ಚರವಾದ ಕೂಡಲೇ ಮಗ್ಗುಲು ಬದಲಿಸದೆ, ಕಣ್ಣು ತೆರೆಯದೆ ಒಂದೆರಡು ನಿಮಿಷ ಹಾಗೇ ಇರಿ. ನೆನಪನ್ನು ಗಟ್ಟಿ ಮಾಡಲು ನೆರವಾಗುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ರೆಮ್ ನಿದ್ದೆಯಲ್ಲಿ ತೀರಾ ಕಡಿಮೆ ಇರುತ್ತದೆ. ಹಾಗಾಗಿ ಮೊಬೈಲ್ ಕೈಗೆತ್ತಿಕೊಂಡರೆ ಮೊದಲ ಮೆಸೇಜಿಗೇ ಕನಸು ಅಳಿಸಿಹೋಗುತ್ತದೆ. ಮೊದಲು ನಾಲ್ಕೈದು ಮುಖ್ಯ ಪದ ಗೀಚಿ, ನಂತರ ವಿವರ ಬರೆಯಿರಿ. ತಾರೀಕು, ಮಲಗಿದ ಹೊತ್ತು, ಕನಸಿನಲ್ಲಿದ್ದವರು, ಪ್ರತಿ ಭಾವನೆಗೂ ಹತ್ತಕ್ಕೆ ಇಷ್ಟೆಂದು ಅಂಕ. ರಾತ್ರಿ ಮಲಗುವ ಮುಂಚೆ ಆ ದಿನ ನಡೆದದ್ದನ್ನೂ ಮೂರು ಸಾಲು ಬರೆದಿಡಿ. ಇದನ್ನು ಬಿಟ್ಟವರಿಗೆ ಮುಂದಿನ ಹೆಜ್ಜೆ ಸಾಗುವುದಿಲ್ಲ. ಯಾಕೆಂದರೆ ಹಗಲಿನ ಸಂಗತಿ ಅದೇ ರಾತ್ರಿ ಕನಸಿಗೆ ಬರಬಹುದು, ಇಲ್ಲವೇ ಐದರಿಂದ ಏಳು ದಿನ ಕಳೆದು ಬರಬಹುದು.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರಿಗೆ ಇಂಥ ಕನಸು ಬಿತ್ತು ಅಂದುಕೊಳ್ಳಿ: ಮನೆಯ ಪಡಸಾಲೆಯಲ್ಲೇ ಬೋರ್‌ವೆಲ್ ಲಾರಿ ನಿಂತಿದೆ, ಎಷ್ಟು ಕೊರೆದರೂ ಬರೀ ಧೂಳು, ನೆಂಟರೆಲ್ಲ ನಿಂತು ನೋಡುತ್ತಿದ್ದಾರೆ. ತೋಟಕ್ಕೆ ನೀರಿಲ್ಲದ ಚಿಂತೆ ಎಂದು ಯಾರಾದರೂ ಹೇಳಿಬಿಡುತ್ತಾರೆ. ಆದರೆ ನೋಟ್‌ಬುಕ್ಕಿನಲ್ಲಿ ಭಯಕ್ಕೆ 3, ಅವಮಾನಕ್ಕೆ 8 ಎಂದಿದೆ. ಪುಟ ಹಿಂದೆ ತಿರುವಿದರೆ ಆರು ದಿನದ ಕೆಳಗೆ ಭಾವನ ಹತ್ತಿರ ಕೈಗಡ ಕೇಳಿದ್ದು ಸಿಗುತ್ತದೆ. ಹಾಗಾದರೆ ಕುಟುಕುತ್ತಿರುವುದು ನೀರಲ್ಲ, ಸಾಲ ಕೇಳಿದ ಸಂಕೋಚ. ಅಮೆರಿಕದ ಮನೋವಿಜ್ಞಾನಿ ಕ್ಲಾರಾ ಹಿಲ್ ರೂಪಿಸಿದ ವಿಧಾನದಲ್ಲಿ ವಿವರ ಕೆದಕುವುದು, ಅರ್ಥ ಕಂಡುಕೊಳ್ಳುವುದು ಆದಮೇಲೆ ಒಂದು ಕೆಲಸವನ್ನೂ ನಿರ್ಧರಿಸಬೇಕು. ಇಲ್ಲಿ ಆ ಕೆಲಸ ಸಣ್ಣದು: ಭಾನುವಾರದೊಳಗೆ ಭಾವನ ಜತೆ ಕೂತು, ಹಣ ಹಿಂದಿರುಗಿಸುವ ತಾರೀಕು ಮಾತಾಡಿಕೊಳ್ಳುವುದು. ನಮ್ಮಲ್ಲಿ ಕನಸಿನ ಬಗ್ಗೆ ಇಷ್ಟೊಂದು ಮಾತು ನಡೆದರೂ ಈ ಕೊನೆಯ ಹೆಜ್ಜೆಯನ್ನು ಯಾರೂ ಇಡುವುದಿಲ್ಲ, ಅದೇ ಬೇಸರ.

ಒಂದೇ ಕನಸಿಗೆ ಜೋತುಬೀಳಬೇಡಿ. ಮೂರ್ನಾಲ್ಕು ವಾರದ ಪುಟಗಳನ್ನು ಒಟ್ಟಿಗೆ ಓದಿದಾಗ ಯಾವ ಭಾವನೆ, ಯಾವ ಮುಖ ಮರಳಿ ಮರಳಿ ಬರುತ್ತದೆ ಎಂಬುದು ಕಾಣಿಸುತ್ತದೆ. ಅಮೆರಿಕದ ಇನ್ನೊಬ್ಬ ಮನೋವಿಜ್ಞಾನಿ ಕ್ಯಾಲ್ವಿನ್ ಹಾಲ್ ಸಾವಿರಾರು ಕನಸುಗಳನ್ನು ಕಲೆಹಾಕಿ ಕಂಡುಕೊಂಡದ್ದೂ ಇದನ್ನೇ: ಹಗಲಿನ ಚಿಂತೆಗಳೇ ಕನಸಿನಲ್ಲಿ ಮುಂದುವರಿಯುತ್ತವೆ. ಕನಸು ಸಾಕ್ಷಿಯಲ್ಲ ಎಂಬುದೂ ನೆನಪಿರಲಿ. ಹೆಂಡತಿ ಮೋಸ ಮಾಡಿದಂತೆ ಕನಸು ಬಿತ್ತೆಂದು ಮನೆಯಲ್ಲಿ ಜಗಳ ತೆಗೆಯುವುದು ಘೋರ ಅನ್ಯಾಯ.

ಒಂದೇ ಕೆಟ್ಟ ಕನಸು ಪದೇ ಪದೇ ಬರುತ್ತಿದ್ದರೆ ಹಗಲಲ್ಲಿ ಅದನ್ನು ಬರೆದು, ಕತೆಯನ್ನು ನಿಮಗೆ ಬೇಕಾದ ಹಾಗೆ ಬದಲಿಸಿ, ಆ ಹೊಸ ಕತೆಯನ್ನು ಮಾತ್ರ ದಿನಕ್ಕೆ 10ರಿಂದ 20 ನಿಮಿಷ ಮನಸ್ಸಿನಲ್ಲಿ ಓಡಿಸಿ. ಹಳೆಯದನ್ನೇ ಮೆಲುಕು ಹಾಕಿದರೆ ಪ್ರಯೋಜನವಿಲ್ಲ. ಬಿಪಿಗೆ ಕೊಡುವ ಪ್ರೊಪ್ರನೊಲಾಲ್‌ನಂಥ ಕೆಲವು ಮಾತ್ರೆಗಳಿಂದಲೂ ಕೆಟ್ಟ ಕನಸು ಬೀಳುತ್ತವೆ. ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿ. ಅಪಘಾತ, ದೌರ್ಜನ್ಯದ ನೆನಪು ಕನಸಾಗಿ ಕಾಡುತ್ತಿದ್ದರೆ ಒಬ್ಬರೇ ಕೆದಕಲು ಹೋಗಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ರೆಮ್ ನಿದ್ದೆಯಲ್ಲಿ ಕೈಕಾಲಿನ ಸ್ನಾಯುಗಳು ಸಡಿಲಾಗಿ ಅಲುಗದಂತಿರಬೇಕು. ಐವತ್ತು ದಾಟಿದವರು ಕನಸಿನಲ್ಲಿ ನಿಜವಾಗಿಯೇ ಗುದ್ದುವುದು, ಒದೆಯುವುದು, ಮಂಚದಿಂದ ಬೀಳುವುದು ಶುರುವಾದರೆ ಅರ್ಥ ಹುಡುಕುತ್ತ ಕೂರಬಾರದು. ಕೆಲವರಲ್ಲಿ ಇದು ಪಾರ್ಕಿನ್ಸನ್ ಕಾಯಿಲೆಯ ಮುನ್ಸೂಚನೆ. ನರರೋಗ ತಜ್ಞರಿಗೆ ತೋರಿಸಿ, ಅಲ್ಲಿಯವರೆಗೆ ಹಾಸಿಗೆಯನ್ನು ನೆಲಕ್ಕೆ ಹಾಕಿ, ಪಕ್ಕದಲ್ಲಿರುವ ಗಾಜು, ಚೂಪಾದ ಸಾಮಾನುಗಳನ್ನು ತೆಗೆದಿಡಿ.